ಬಜೆಟ್ ಪುಸ್ತಕದಿಂದ ಬೀದಿ ಚರಂಡಿಯವರೆಗೆ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ತಲೆಬರಹ ನಿಮಗೆಲ್ಲ ಬಾಯಿಪಾಠ: ನಗರಸಭೆಯಿಂದ ಇಷ್ಟು ಲಕ್ಷ ರೂಪಾಯಿ ಉಳಿತಾಯ ಬಜೆಟ್. ಯಾವ ಊರಿನದಾದರೂ ಉಳಿತಾಯವೇ. ಬೀದಿದೀಪದ ಕರೆಂಟ್ ಬಿಲ್ ಬಾಕಿ, ಗುತ್ತಿಗೆದಾರರ ಬಿಲ್ ಬಾಕಿ, ಕೆಟ್ಟ ಮೋಟರ್ ಎತ್ತಿಸೋಕೆ ದುಡ್ಡಿಲ್ಲ, ಆದರೂ ಉಳಿತಾಯ. ಇದು ಹೇಗೆ ಅನ್ನೋದು ಗೊತ್ತಾದರೆ ಇವತ್ತಿನ ಮಾತು ಅರ್ಧ ಮುಗಿದ ಹಾಗೆ.

ನಗರಸಭೆ ಸರ್ಕಾರದ ಹಾಗೆ ಬೇಕಾದಾಗ ಸಾಲ ಎತ್ತಿ ಕೊರತೆ ತುಂಬಿಸಿಕೊಳ್ಳುವ ಸಂಸ್ಥೆಯಲ್ಲ. ಪುಸ್ತಕದಲ್ಲಿ ಜಮಾ ಕಡೆ ಖರ್ಚಿಗಿಂತ ಒಂದಿಷ್ಟು ಹೆಚ್ಚೇ ಕಾಣಬೇಕು. ಮೂವತ್ತೊಂದು ವಾರ್ಡಿನ ಒಂದು ಊರು ಅಂದುಕೊಳ್ಳಿ, ಅಷ್ಟೂ ಸದಸ್ಯರ ಬೇಡಿಕೆಗಳೆಲ್ಲ ಖರ್ಚಿನ ಕಡೆ ಸೇರಿದ ಮೇಲೆ ಸರಿದೂಗಿಸುವ ದಾರಿ ಒಂದೇ, ಜಮಾ ಕಡೆಯ ಅಂಕಿ ಎಳೆದು ಉದ್ದ ಮಾಡುವುದು. ಬಜೆಟ್ ಪುಸ್ತಕದಲ್ಲಿ ಪ್ರತಿ ಸಾಲಿಗೂ ಕೆಲವು ಅಂಕಣ ಇರುತ್ತವೆ: ಹೋದ ವರ್ಷ ನಿಜಕ್ಕೂ ಬಂದದ್ದು, ಈ ವರ್ಷ ಅಂದಾಜಿಸಿದ್ದು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಸಭೆಯಲ್ಲಿ ಎಲ್ಲರ ಕಣ್ಣೂ ಬಲತುದಿಯ ಅಂಕಣದ ಮೇಲೆ. ನೀವು ಎಡದಿಂದ ಓದಿ.

ಲೆಕ್ಕಕ್ಕೆ ಒಂದು ಸಾಲು ಹಿಡಿಯೋಣ. ಆಸ್ತಿ ತೆರಿಗೆ ಹೋದ ವರ್ಷ ಬಂದದ್ದು 3 ಕೋಟಿ 80 ಲಕ್ಷ. ಈ ವರ್ಷದ ಅಂದಾಜು 6 ಕೋಟಿ ಇತ್ತು, ಪರಿಷ್ಕೃತದಲ್ಲಿ 4 ಕೋಟಿ 20 ಲಕ್ಷಕ್ಕೆ ಇಳಿಸಿದ್ದಾರೆ. ಮುಂದಿನ ವರ್ಷಕ್ಕೆ ಮತ್ತೆ 6 ಕೋಟಿ 50 ಲಕ್ಷ ಬರೆದಿದ್ದಾರೆ. ಆ 4.20ಕ್ಕೂ 6.50ಕ್ಕೂ ನಡುವೆ 2 ಕೋಟಿ 30 ಲಕ್ಷ ಇದೆಯಲ್ಲ, ಅಷ್ಟು ಬೆಲೆಯ ಕಾಮಗಾರಿಗಳು ಪುಸ್ತಕದಲ್ಲಿ ಇದ್ದೂ ಇಲ್ಲದವು. ನಿಮ್ಮ ವಾರ್ಡಿನ ಚರಂಡಿ ಅದರಲ್ಲಿ ಸೇರಿದ್ದರೆ ಅದಕ್ಕೆ ಮಂಜೂರಾತಿ ಸಿಗಬಹುದು, ದುಡ್ಡು ಸಿಗುವುದಿಲ್ಲ. ‘ಬಜೆಟ್‌ನಲ್ಲಿ ಇಟ್ಟಿದ್ದಾರೆ’ ಅನ್ನೋ ಮಾತನ್ನು ನಂಬಿ ಬೀದಿಯವರಿಗೆ ಮಾತು ಕೊಟ್ಟ ಸದಸ್ಯರು ಕೈಸುಟ್ಟುಕೊಳ್ಳೋದು ಇಲ್ಲೇ.

ಇನ್ನೊಂದು ಉಬ್ಬು ಕಣ್ಣಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಬಜೆಟ್‌ನಲ್ಲಿ ಮೂರು ಭಾಗ: ರಾಜಸ್ವ, ಬಂಡವಾಳ, ಅಸಾಧಾರಣ. ಮೊದಲನೆಯದು ದಿನನಿತ್ಯದ ಆದಾಯ ಮತ್ತು ಸಂಬಳ, ಕರೆಂಟು, ರಿಪೇರಿಯಂಥ ಖರ್ಚು. ಎರಡನೆಯದು ರಸ್ತೆ, ಚರಂಡಿ, ಕಟ್ಟಡ, ವಾಹನ. ಮೂರನೆಯದು ನಗರಸಭೆಯ ಕೈಯಲ್ಲಿ ಹಾದುಹೋಗುವ ಹಣ, ಅಂದರೆ ಠೇವಣಿಗಳು, ಬೇರೆ ಇಲಾಖೆಗೆ ಸೇರಬೇಕಾದ ಉಪಕರಗಳು. ನೀವು 100 ರೂಪಾಯಿ ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ 15 ರೂಪಾಯಿ ಆರೋಗ್ಯ ಉಪಕರ, 6 ರೂಪಾಯಿ ಗ್ರಂಥಾಲಯ ಉಪಕರ, 3 ರೂಪಾಯಿ ಭಿಕ್ಷುಕರ ಉಪಕರ ಸೇರಿಸಿ ಕಟ್ಟುತ್ತೀರಿ. ಆ 24 ರೂಪಾಯಿ ನಗರಸಭೆಯದಲ್ಲ. ವಸೂಲಿ ಖರ್ಚೆಂದು ಸ್ವಲ್ಪ ಮುರಿದುಕೊಂಡು ಉಳಿದದ್ದನ್ನು ಆಯಾ ಇಲಾಖೆಗೆ ಕಟ್ಟಬೇಕು. ಕಟ್ಟದೆ ಸಂಬಳಕ್ಕೋ ಡೀಸೆಲ್‌ಗೋ ಬಳಸಿಕೊಂಡು ಬಿಡುವುದು ರೂಢಿಯಾಗಿದೆ. ರಾಜ್ಯದ ನಗರ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಬರಬೇಕಾದ ಬಾಕಿ ಕೋಟಿಗಟ್ಟಲೆ ಇರುವುದು ಅದಕ್ಕೇ. ಬಡಾವಣೆಯ ಗ್ರಂಥಾಲಯಕ್ಕೆ ಹೊಸ ಪುಸ್ತಕ ಯಾಕೆ ಬರುತ್ತಿಲ್ಲ ಅಂತ ಗ್ರಂಥಪಾಲಕರನ್ನು ಬೈಯುವ ಮೊದಲು ನಿಮ್ಮ ನಗರಸಭೆಯ ಅಸಾಧಾರಣ ಖಾತೆ ನೋಡಿ. ಒಟ್ಟು ಬಜೆಟ್ 60 ಕೋಟಿ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅದರಲ್ಲಿ ಅಸಾಧಾರಣ ಎಷ್ಟು ಎಂದು ಕೇಳಿ, ಕಳೆಯಿರಿ. ಉಳಿದದ್ದು ನಿಮ್ಮ ಊರಿನ ನಿಜವಾದ ಗಾತ್ರ.

ಈಗ ಸ್ವಂತ ಆದಾಯಕ್ಕೆ ಬರೋಣ. ಸದಸ್ಯರ ಮೇಜಿನ ಮೇಲೆ ಇರಬೇಕಾದ ಮೊದಲ ಕಾಗದ ಬಜೆಟ್ ಪುಸ್ತಕವಲ್ಲ, ವಾರ್ಡ್‌ವಾರು ಡಿಸಿಬಿ. ಬೇಡಿಕೆ, ವಸೂಲಿ, ಬಾಕಿ, ಇವು ಮೂರರ ತಖ್ತೆ. ಕಂದಾಯ ಅಧಿಕಾರಿಯ ಹತ್ತಿರ ಇರುತ್ತದೆ, ಇರಲೇಬೇಕು. 1,100 ಆಸ್ತಿಗಳಿರುವ, 5,000 ಜನರಿರುವ ಒಂದು ವಾರ್ಡ್ ಇಟ್ಟುಕೊಳ್ಳಿ. ಸರಾಸರಿ 1,800 ರೂಪಾಯಿ ತೆರಿಗೆಯಂತೆ ಬೇಡಿಕೆ 19 ಲಕ್ಷ 80 ಸಾವಿರ. ನೂರಕ್ಕೆ ಅರವತ್ತು ವಸೂಲಾದರೆ 11 ಲಕ್ಷ 88 ಸಾವಿರ. ಒಂದೇ ವರ್ಷದಲ್ಲಿ ಬಾಕಿ 7 ಲಕ್ಷ 92 ಸಾವಿರ. ಇದರ ಮೇಲೆ ಹಳೇ ಬಾಕಿ ಇರುತ್ತದೆ. ಬಾಕಿದಾರರ ಪಟ್ಟಿಯನ್ನು ಮನೆ ನಂಬರಿನ ಕ್ರಮದಲ್ಲಿ ಕೊಡುತ್ತಾರೆ, ಹಾಗೆ ತೆಗೆದುಕೊಳ್ಳಬೇಡಿ. ದೊಡ್ಡ ಮೊತ್ತ ಮೇಲೆ, ಚಿಕ್ಕದು ಕೆಳಗೆ ಬರುವ ಹಾಗೆ ಕೇಳಿ. ಮೊದಲ ಇಪ್ಪತ್ತು ಸಾಲಿನಲ್ಲೇ ಬಾಕಿಯ ಬಹುಪಾಲು ಸಿಕ್ಕಿಬಿಡುತ್ತದೆ: ಒಂದು ಕಲ್ಯಾಣ ಮಂಟಪ, ಎರಡು ವಾಣಿಜ್ಯ ಸಂಕೀರ್ಣ, ದಾವೆಯಲ್ಲಿರುವ ಒಂದು ಕಟ್ಟಡ, ಮಾಲೀಕರು ಬೇರೆ ಊರಿನಲ್ಲಿರುವ ಖಾಲಿ ನಿವೇಶನಗಳು. ಹೆಂಚಿನ ಮನೆಯ ಅಜ್ಜಿ ಏಪ್ರಿಲ್‌ನಲ್ಲೇ ಕಟ್ಟಿ ರಸೀದಿ ಇಟ್ಟುಕೊಂಡಿರುತ್ತಾರೆ.

ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ, ಜುಲೈನಿಂದ ತಿಂಗಳಿಗೆ ಶೇ. 2 ದಂಡ. ಇದು ಎಲ್ಲರಿಗೂ ಗೊತ್ತಿದ್ದರೂ ಚಲನ್ ಪಡೆಯಲು ಕಚೇರಿಗೆ ಎರಡು ಸಲ ಅಲೆಯಬೇಕು ಅನ್ನುವ ಕಾರಣಕ್ಕೇ ಎಷ್ಟೋ ಜನ ಮುಂದೂಡುತ್ತಾರೆ. ಏಪ್ರಿಲ್‌ನ ಎರಡು ಭಾನುವಾರ ವಾರ್ಡಿನ ಸಮುದಾಯ ಭವನದಲ್ಲೋ ಶಾಲೆಯಲ್ಲೋ ಬಿಲ್ ಕಲೆಕ್ಟರನ್ನು, ಒಂದು ಕಂಪ್ಯೂಟರನ್ನು ಕೂರಿಸಿ ಶಿಬಿರ ಮಾಡಿಸುವುದು ಸದಸ್ಯರ ಕೈಯಲ್ಲಿರುವ ಕೆಲಸ. ಖರ್ಚು ಶಾಮಿಯಾನದ್ದು, ಕಾಫಿಯದ್ದು. ತೆರಿಗೆ ಕಟ್ಟಿ ಎಂದು ಹೇಳಿದರೆ ಓಟು ಹೋಗುತ್ತದೆ ಎಂಬ ಭಯ ಸದಸ್ಯರಲ್ಲಿದೆ. ಆ ಭಯ ಇರುವಷ್ಟು ದಿನ ಅನುದಾನಕ್ಕಾಗಿ ಶಾಸಕರ ಮನೆಯ ಮುಂದೆ ನಿಲ್ಲುವುದು ತಪ್ಪುವುದಿಲ್ಲ.

ಅನುದಾನ ಅಂದ ಕೂಡಲೇ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಅಮ್ಮಂದಿರು ಹಾಲಿನ ದುಡ್ಡು ಒಂದು ಡಬ್ಬಿ, ಚೀಟಿ ದುಡ್ಡು ಇನ್ನೊಂದು ಡಬ್ಬಿ, ಹಬ್ಬದ್ದು ಮತ್ತೊಂದು ಅಂತ ಇಡುತ್ತಿದ್ದರು. ನಗರಸಭೆಗೆ ಬರುವ ಹಣವೂ ಹಾಗೇ. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ಎಸ್‌ಎಫ್‌ಸಿ ಅನುದಾನದಲ್ಲಿ ವೇತನದ್ದು ಬೇರೆ, ವಿದ್ಯುತ್ತಿನದು ಬೇರೆ, ಇಂಥದ್ದಕ್ಕೇ ಎಂದು ಕಟ್ಟಿಹಾಕದ ಮುಕ್ತನಿಧಿ ಬೇರೆ. ಕಾಮಗಾರಿಗೆ ಸಿಗುವುದು ಮುಕ್ತನಿಧಿ ಮಾತ್ರ. ಕೇಂದ್ರದ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಶಿಫಾರಸು ಮಾಡಿದ ಅನುದಾನದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಶೇ. 40 ನಿರ್ಬಂಧ ಇಲ್ಲದ್ದು, ಶೇ. 30 ನೈರ್ಮಲ್ಯ ಮತ್ತು ಕಸ ನಿರ್ವಹಣೆಗೆ, ಶೇ. 30 ಕುಡಿಯುವ ನೀರು, ಮಳೆನೀರು ಕೊಯ್ಲು ಮುಂತಾದ್ದಕ್ಕೆ ಕಟ್ಟಿಹಾಕಿದ್ದು. ಈ ಅರವತ್ತರಿಂದ ಸಿಸಿ ರಸ್ತೆ, ಅಂದರೆ ಕಾಂಕ್ರೀಟ್ ರಸ್ತೆ, ಮಾಡಿಸುತ್ತೇನೆ ಅಂದರೆ ಆಗುವುದಿಲ್ಲ. ಆದರೆ ಪಾರ್ಕಿನಲ್ಲಿ ಇಂಗುಗುಂಡಿ, ಸರ್ಕಾರಿ ಶಾಲೆಯ ಚಾವಣಿ ನೀರು ಹಿಡಿಯುವ ತೊಟ್ಟಿ, ಹಳೇ ಪೈಪ್‌ಲೈನ್ ಬದಲಾವಣೆ, ಇವೆಲ್ಲ ಆಗುತ್ತವೆ. ಆಯೋಗ ಇನ್ನೂ ಎರಡು ಷರತ್ತು ಹಾಕಿತ್ತು: ಲೆಕ್ಕಪತ್ರಗಳು ಜನರಿಗೆ ಕಾಣುವಂತೆ ಆನ್‌ಲೈನ್‌ನಲ್ಲಿ ಇರಬೇಕು; ರಾಜ್ಯ ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿ ಮಾಡಿ, ರಾಜ್ಯದ ಉತ್ಪನ್ನ ಬೆಳೆದ ಹಾಗೆ ತೆರಿಗೆ ವಸೂಲಿಯೂ ಬೆಳೆಯಬೇಕು. ಲೆಕ್ಕ ಮುಗಿಸದ ಊರಿಗೆ ಕಂತು ನಿಲ್ಲುತ್ತದೆ. ಅಂದರೆ ಲೆಕ್ಕಾಧೀಕ್ಷಕರ ಹುದ್ದೆ ಖಾಲಿ ಇದೆ ಅನ್ನುವುದು ಬರೀ ಕಚೇರಿಯ ತಾಪತ್ರಯ ಅಂದುಕೊಳ್ಳಬೇಡಿ, ಅದು ನಿಮ್ಮ ಬೀದಿಯ ನಲ್ಲಿಯವರೆಗೂ ಬರುತ್ತದೆ. ಇನ್ನು ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆಯ ಹಣ. ಮೊತ್ತ ದೊಡ್ಡದು, ಆದರೆ ಪಟ್ಟಿ ಬಹುಮಟ್ಟಿಗೆ ಮೇಲಿನ ಸಮಿತಿಯಲ್ಲೇ ಗಟ್ಟಿಯಾಗುತ್ತದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ. ನಗರಸಭೆ ಸದಸ್ಯರಿಗೆ ಅಂಥ ಸ್ವಂತ ಡಬ್ಬಿ ಇಲ್ಲ. ಶಾಸಕರು, ಸಂಸದರು ನಗರಸಭೆಯಲ್ಲೂ ಮತ ಹಾಕುತ್ತಾರೆ ಅನ್ನೋದನ್ನು ಇದರ ಜೊತೆಗೇ ನೆನಪಿಡಿ.

ಸದಸ್ಯರು ‘ವಾರ್ಡಿಗೆ ಹತ್ತು ಲಕ್ಷ’ ಅಂತ ಕೇಳಿ ಖುಷಿಪಡುತ್ತಾರಲ್ಲ, ಆ ಹತ್ತು ಲಕ್ಷದ ಕಥೆ ನೋಡಿ. ಸ್ವಂತ ನಿಧಿ, ಮುಕ್ತನಿಧಿಗಳಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಇತರ ಬಡವರ್ಗದವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಒಟ್ಟು ಶೇ. 36.35. ಹತ್ತು ಲಕ್ಷದಲ್ಲಿ 3 ಲಕ್ಷ 63 ಸಾವಿರದ 500 ಅಲ್ಲಿಗೆ. ಉಳಿದದ್ದು 6 ಲಕ್ಷ 36 ಸಾವಿರದ 500. ಇದರೊಳಗೆ ಜಿಎಸ್‌ಟಿ ಇದೆ. 2022ರ ಜುಲೈ 18ರಿಂದ ಸ್ಥಳೀಯ ಸಂಸ್ಥೆಗಳ ಕಾಮಗಾರಿ ಗುತ್ತಿಗೆಗೆ ಜಿಎಸ್‌ಟಿ ಶೇ. 12ರಿಂದ ಶೇ. 18ಕ್ಕೆ ಏರಿತು. ತೆರಿಗೆ ತೆಗೆದರೆ ಸುಮಾರು 5 ಲಕ್ಷ 39 ಸಾವಿರ. ಕಾರ್ಮಿಕ ಸೆಸ್ ಶೇ. 1. ಮಣ್ಣು, ಜಲ್ಲಿ, ಸಿಮೆಂಟು, ಕೂಲಿ, ಗುತ್ತಿಗೆದಾರರ ಲಾಭ ಎಲ್ಲ ಉಳಿದದ್ದರಲ್ಲೇ. ಮೀಸಲಿನ ಹಣ ಕಳೆದುಹೋಯಿತು ಅಂತ ಯಾರೂ ಗೊಣಗಬೇಡಿ. ಅದು ಕಾಲೋನಿಯ ರಸ್ತೆಗೆ, ವಿದ್ಯಾರ್ಥಿಗಳ ಸಹಾಯಧನಕ್ಕೆ, ತ್ರಿಚಕ್ರ ವಾಹನಕ್ಕೆ ಹೋಗಬೇಕಾದ ಹಣ. ಗೊಣಗಬೇಕಾದ್ದು ಅದು ಖರ್ಚಾಗದೆ ವರ್ಷದಿಂದ ವರ್ಷಕ್ಕೆ ಶಿಲ್ಕಾಗಿ ಉಳಿಯುವುದರ ಬಗ್ಗೆ. ಫಲಾನುಭವಿ ಪಟ್ಟಿ ಮಾಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಿದ್ದಿರುವ ದುಡ್ಡು ಬಹಳ ಊರುಗಳಲ್ಲಿದೆ.

ಸಮಪಾಲು ಅನ್ನುವುದು ಕೇಳಲು ನ್ಯಾಯವಾಗಿದೆ. 3 ಕೋಟಿ 10 ಲಕ್ಷವನ್ನು 31 ವಾರ್ಡಿಗೆ ಹಂಚಿದರೆ ಜಗಳ ಇಲ್ಲ, ಸಭೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಎಲ್ಲರಿಗೂ ಅರ್ಧ ಚರಂಡಿ ಸಿಗುತ್ತದೆ. ಹಳೇ ಊರಿನ ವಾರ್ಡಿಗೆ ಬೇಕಾದ್ದು ಒಳಚರಂಡಿ ರಿಪೇರಿ, ಹೊಸ ಬಡಾವಣೆಗೆ ಬೇಕಾದ್ದು ಬೀದಿದೀಪ, ಕೆರೆಯ ಕೆಳಗಿನ ಮೂರು ವಾರ್ಡಿಗೆ ಒಂದೇ ರಾಜಕಾಲುವೆ. ಅದನ್ನು ಮೂರು ತುಂಡು ಮಾಡಿ ಮೂರು ಸದಸ್ಯರು ಮೂರು ವರ್ಷದಲ್ಲಿ ಮಾಡಿಸಿದರೆ ಮೂರು ಮಳೆಗಾಲ ಮನೆಗಳಿಗೆ ನೀರು ನುಗ್ಗುತ್ತದೆ. ಅಕ್ಕಪಕ್ಕದ ವಾರ್ಡಿನವರು ಮಾತಾಡಿಕೊಂಡು ಈ ವರ್ಷ ಮೂವರ ಪಾಲೂ ಕಾಲುವೆಗೆ, ಮುಂದಿನ ವರ್ಷ ನಿಮ್ಮ ರಸ್ತೆಗೆ ಅಂತ ಹೊಂದಿಸಿಕೊಂಡದ್ದನ್ನು ಸಭೆಯ ನಡವಳಿಯಲ್ಲಿ ಬರೆಸಿ. ಬಾಯಿಮಾತಿನ ಒಪ್ಪಂದ ಮೂವತ್ತು ತಿಂಗಳಿಗೊಮ್ಮೆ ಅಧ್ಯಕ್ಷರು ಬದಲಾದಾಗ ನಿಲ್ಲುವುದಿಲ್ಲ.

ಕೆಲಸ ಶುರುವಾಗಬೇಕಾದ್ದು ಮಾರ್ಚ್‌ನಲ್ಲಲ್ಲ, ಅದರ ಹಿಂದಿನ ಅಕ್ಟೋಬರ್‌ನಲ್ಲಿ. ಮಳೆ ನಿಂತ ಕೂಡಲೇ ವಾರ್ಡ್ ಸುತ್ತಿ, ಯಾಕೆಂದರೆ ನೀರು ಎಲ್ಲಿ ನಿಂತಿತ್ತು ಅನ್ನುವುದಕ್ಕೆ ಗೋಡೆಗಳ ಮೇಲೆ ಕೆಸರಿನ ಗುರುತು ಆಗ ಇನ್ನೂ ಇರುತ್ತದೆ. ಜೊತೆಗೆ ಜೆಇ (ಕಿರಿಯ ಇಂಜಿನಿಯರ್), ನೀರು ಬಿಡುವ ನೀರಗಂಟಿ, ಪೌರಕಾರ್ಮಿಕರ ಮೇಸ್ತ್ರಿ ಇರಬೇಕು. ಆ ಮೂವರಿಗೆ ಗೊತ್ತಿರುವಷ್ಟು ಕಡತದಲ್ಲಿ ಇರುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಪಟ್ಟಿಯ ಮೊದಲ ಐದಾರು ಕೆಲಸಕ್ಕೆ ಅಳತೆ ತೆಗೆಸಿ ಅಂದಾಜು ಪಟ್ಟಿ ಮಾಡಿಸಿ. ಬಜೆಟ್ ಪೂರ್ವಭಾವಿ ಸಭೆ ಕರೆದಾಗ ಬಡಾವಣೆಯವರು ‘ಚರಂಡಿ ಮಾಡಿಸಿ’ ಅನ್ನುವ ಬದಲು ‘ಎರಡನೇ ಅಡ್ಡರಸ್ತೆಯಲ್ಲಿ ನಲ್ಲಿ ಮೂಲೆಯಿಂದ ಮೋರಿಯವರೆಗೆ 140 ಮೀಟರ್’ ಎಂದು ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಳತೆ ಇಲ್ಲದ ಬೇಡಿಕೆಗೆ ಪುಸ್ತಕದಲ್ಲಿ ಜಾಗ ಸಿಗುವುದು ಕಷ್ಟ. ಬಜೆಟ್ ಆದ ಮೇಲೂ ಮುಗಿಯಲಿಲ್ಲ. ಕ್ರಿಯಾ ಯೋಜನೆ, ಅಂದರೆ ಯಾವ ಕಾಮಗಾರಿಗೆ ಎಷ್ಟು ಹಣ ಎಂಬ ಪಟ್ಟಿ, ಆಗಬೇಕು, ಅದು ಜಿಲ್ಲಾಧಿಕಾರಿಗಳ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ ಹೋಗಿ ಅನುಮೋದನೆಯಾಗಿ ಬರಬೇಕು, ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ. ಏಪ್ರಿಲ್‌ನಲ್ಲಿ ಅಂದಾಜು ಪಟ್ಟಿ ಬರೆಯಲು ಕೂತರೆ ಅನುಮೋದನೆ ಸಿಗುವಷ್ಟರಲ್ಲಿ ಮಳೆ, ಮಳೆ ಬಿಟ್ಟ ಮೇಲೆ ಟೆಂಡರು, ಟೆಂಡರು ಆಗುವಷ್ಟರಲ್ಲಿ ಫೆಬ್ರವರಿ. ಮಾರ್ಚ್‌ನಲ್ಲಿ ರಾತ್ರೋರಾತ್ರಿ ಕಾಂಕ್ರೀಟ್ ಸುರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಗುತ್ತಿಗೆದಾರರನ್ನು ಬೈಯುತ್ತೇವೆ, ತಡವಾದದ್ದು ಬೇರೆ ಕಡೆ.

ಪಟ್ಟಿಗೆ ಹಾಕುವ ಮೊದಲೇ ಒಂದು ಪ್ರಶ್ನೆ ಕೇಳಬೇಕು: ಈ ರಸ್ತೆ ಯಾರದು? ಊರೊಳಗಿನ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದಿರಬಹುದು. ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದಾಗಿದ್ದು ಇನ್ನೂ ಹಸ್ತಾಂತರ ಆಗದೇ ಇರಬಹುದು. ಖಾಸಗಿ ಬಡಾವಣೆಯಾಗಿದ್ದರೆ ರಸ್ತೆ, ಪಾರ್ಕು ನಗರಸಭೆಯ ಹೆಸರಿಗೆ ಬಂದಿವೆಯೇ ನೋಡಬೇಕು. ನಗರಸಭೆಯ ಆಸ್ತಿ ವಹಿಯಲ್ಲಿ ಇಲ್ಲದ ರಸ್ತೆಗೆ ಹಣ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬೀಳುತ್ತದೆ. ಹಾಗೆಯೇ ಒಳಚರಂಡಿ ಕೊಳವೆ ಹಾಕುವುದು ಹೆಚ್ಚಿನ ಊರುಗಳಲ್ಲಿ ನಗರ ನೀರು ಸರಬರಾಜು ಮಂಡಳಿ. ಅವರ ಯೋಜನೆ ಮುಂದಿನ ವರ್ಷ ಈ ಬೀದಿಗೆ ಬರುವುದಿದ್ದರೆ ಈ ವರ್ಷ ಕಾಂಕ್ರೀಟ್ ಹಾಕಬೇಡಿ. ಕುಡಿಯುವ ನೀರಿನ ಪೈಪು, ಯುಜಿಡಿ (ಒಳಚರಂಡಿ), ಮನೆ ಸಂಪರ್ಕ, ಕೇಬಲ್ ಹಾಯುವ ಅಡ್ಡ ಪೈಪು, ಚರಂಡಿ, ಕೊನೆಗೆ ರಸ್ತೆ. ಈ ಕ್ರಮ ತಪ್ಪಿದರೆ ಹೊಸ ರಸ್ತೆಯನ್ನು ಆರು ತಿಂಗಳಲ್ಲಿ ಅಗೆಯುತ್ತಾರೆ, ಅಗೆದ ಜಾಗ ಮುಚ್ಚಿದರೂ ಕೂಡಿಕೊಳ್ಳುವುದಿಲ್ಲ.

ಚರಂಡಿ ವಿಷಯದಲ್ಲಿ ಎಲ್ಲ ಕಡೆ ಆಗುವ ತಪ್ಪು ಒಂದೇ: ಮೇಲಿನಿಂದ ಶುರು ಮಾಡುವುದು. ಮುಖ್ಯರಸ್ತೆಯ ಕಡೆ ಜನ ಓಡಾಡುತ್ತಾರೆ, ಅಲ್ಲಿ ಪೂಜೆ ಮಾಡಿ ಕೆಲಸ ಆರಂಭಿಸುತ್ತಾರೆ, ದುಡ್ಡು ಮುಗಿದಾಗ ಚರಂಡಿ ಯಾರದೋ ಮನೆ ಗೇಟಿನ ಮುಂದೆ ನಿಲ್ಲುತ್ತದೆ. ನೀರು ಹೊರಹೋಗುವ ಬಾಯಿಯಿಂದ ಹಿಂದಕ್ಕೆ ಕಟ್ಟುತ್ತ ಬನ್ನಿ. ಹಣ ಅರ್ಧಕ್ಕೆ ನಿಂತರೂ ಕಟ್ಟಿದಷ್ಟು ಕೆಲಸ ಮಾಡುತ್ತದೆ. ಇಳಿಜಾರು 200ಕ್ಕೆ 1 ಅಂತ ಇಟ್ಟುಕೊಂಡರೆ 100 ಮೀಟರಿಗೆ ಅರ್ಧ ಮೀಟರ್ ಇಳಿಯಬೇಕು. ಕೊನೆಯ ತುದಿಯಲ್ಲಿ ಮೋರಿಯ ತಳ ಅದಕ್ಕಿಂತ ಎತ್ತರದಲ್ಲಿದ್ದರೆ ಏನು ಕಟ್ಟಿದರೂ ಅದು ಸೊಳ್ಳೆಯ ತೊಟ್ಟಿ. ಲೆವೆಲ್ ತೆಗೆಸಿದ ಕಾಗದ ಅಂದಾಜು ಪಟ್ಟಿಯ ಜೊತೆ ಇದೆಯೇ ಅಂತ ಕೇಳಿ, ಅಷ್ಟು ಸಾಕು. ಮೇಲೆ ಹಾಕುವ ಚಪ್ಪಡಿ ಇಬ್ಬರು ಎತ್ತುವಷ್ಟು ತೂಕದ್ದಿರಬೇಕು. ಎತ್ತಲಾಗದ ಚಪ್ಪಡಿ ಹಾಕಿದ ಚರಂಡಿಯನ್ನು ಯಾರೂ ಹೂಳೆತ್ತುವುದಿಲ್ಲ.

ಸಿಸಿ ರಸ್ತೆ ಎಲ್ಲರಿಗೂ ಪ್ರಿಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. 100 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, 150 ಮಿ.ಮೀ. ದಪ್ಪ ಎಂದು ಅಂದಾಜಿನಲ್ಲಿದ್ದರೆ ಕಾಂಕ್ರೀಟ್ 52.5 ಘನ ಮೀಟರ್. ಒಂದು ಮಿಕ್ಸರ್ ಲಾರಿ 6 ಘನ ಮೀಟರ್ ತರುತ್ತದೆ ಎಂದುಕೊಂಡರೆ ಒಂಬತ್ತು ಲಾರಿ ಬರಬೇಕು, ಕೊನೆಯದು ಪೂರ್ತಿ ತುಂಬಿರುವುದಿಲ್ಲ. ಏಳೇ ಲಾರಿ ಬಂದರೆ 42 ಘನ ಮೀಟರ್. ಅಂದರೆ ದಪ್ಪ 120 ಮಿ.ಮೀ. ಐದನೇ ಒಂದು ಭಾಗ ಬಂದಿಲ್ಲ. ಬೀದಿಯ ಹಿರಿಯರೊಬ್ಬರು ಜಗಲಿ ಮೇಲೆ ಕೂತು ಲಾರಿ ಎಣಿಸಿದರೆ ಸಾಕು, ಇಂಜಿನಿಯರಿಂಗ್ ಓದಬೇಕಿಲ್ಲ. ಸ್ಥಳದಲ್ಲೇ ಕಲೆಸುವುದಾದರೆ ಘನ ಮೀಟರಿಗೆ ಆರರಿಂದ ಏಳು ಮೂಟೆ ಸಿಮೆಂಟ್ ಲೆಕ್ಕದಲ್ಲಿ ಸುಮಾರು 340 ಮೂಟೆ. ಅಂಚಿನಲ್ಲಿ ಹಲಗೆ ಕಟ್ಟಿದ ಜಾಗದಲ್ಲಿ ದಪ್ಪ ಸರಿಯಾಗೇ ಇರುತ್ತದೆ, ನಡುವೆ ಮಣ್ಣು ಉಬ್ಬಿಸಿ ಉಳಿಸುತ್ತಾರೆ. ಅದಕ್ಕೇ ಕಾಂಕ್ರೀಟ್ ಹಾಕುವ ಮುನ್ನ ಎರಡು ಬದಿಯ ಹಲಗೆಗೆ ದಾರ ಎಳೆದು ನಡುವೆ ಅಳೆಯಬೇಕು. ಹಾಕಿ ಒಂದು ದಿನದೊಳಗೆ ನಾಲ್ಕು, ನಾಲ್ಕೂವರೆ ಮೀಟರಿಗೊಂದು ಕಡೆ ಕಟಿಂಗ್ ಯಂತ್ರದಿಂದ ಗೀರು ಕೊಯ್ಯಬೇಕು, ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಕೊಯ್ಯದಿದ್ದರೆ ಕಾಂಕ್ರೀಟ್ ತಾನಾಗಿ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ. ಆಮೇಲೆ ಮಣ್ಣಿನ ಬದು ಕಟ್ಟಿ ಎರಡು ವಾರವಾದರೂ ನೀರು ನಿಲ್ಲಿಸಬೇಕು. ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ, ಬೋರ್‌ವೆಲ್ ಬತ್ತಿರುವಾಗ, ಎರಡು ವಾರ ನೀರು ಎಲ್ಲಿಂದ ಬರುತ್ತದೆ? ಮಾರ್ಚ್ ಕಾಮಗಾರಿಗಳು ಬೇಗ ಪುಡಿ ಏಳುವುದಕ್ಕೆ ದೊಡ್ಡ ಕಾರಣ ಇದು. ಇನ್ನೊಂದು ಮಾತು: ಹಳೇ ರಸ್ತೆಯ ಮೇಲೇ ಹೊಸದನ್ನು ಹಾಕುತ್ತ ಹೋದರೆ ಹತ್ತು ವರ್ಷದಲ್ಲಿ ಮನೆಗಳು ರಸ್ತೆಗಿಂತ ತಗ್ಗಾಗುತ್ತವೆ. ಹಳೆಯದನ್ನು ಅಗೆದು ತೆಗೆಯುವ ಖರ್ಚನ್ನು ಅಂದಾಜಿನಲ್ಲೇ ಸೇರಿಸಿ.

ಟೆಂಡರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯದ ಪಾರದರ್ಶಕತೆ ಕಾಯ್ದೆ 1999ರದು, ಕೆಟಿಪಿಪಿ ಅನ್ನುತ್ತಾರೆ. 5 ಲಕ್ಷದ ಒಳಗಿನ ಕಾಮಗಾರಿಗೆ ಅದರಲ್ಲಿ ವಿನಾಯಿತಿ ಇದೆ. ಆ ವಿನಾಯಿತಿಗಾಗಿಯೇ 14 ಲಕ್ಷದ ಒಂದು ಚರಂಡಿ 4 ಲಕ್ಷ 66 ಸಾವಿರ ಚಿಲ್ಲರೆಯ ಮೂರು ಕಾಮಗಾರಿ ಆಗುತ್ತದೆ, ತುಂಡು ಗುತ್ತಿಗೆ ಕೊಡುತ್ತಾರೆ. ಕ್ರಿಯಾ ಯೋಜನೆಯಲ್ಲಿ 4 ಲಕ್ಷ 90 ಸಾವಿರದ ಸಾಲುಗಳು ಒಂದರ ಕೆಳಗೊಂದು ಕಂಡರೆ ಜಾಗದ ಹೆಸರು ಗಮನಿಸಿ ಓದಿ. ಮತ್ತೆ, ಅಂದಾಜಿಗಿಂತ ಶೇ. 25 ಕಡಿಮೆಗೆ ಟೆಂಡರ್ ಹಿಡಿದವರ ಬಗ್ಗೆ ‘ನಗರಸಭೆಗೆ ಉಳಿತಾಯ’ ಎಂದು ಸಂತೋಷಪಡುವ ಮೊದಲು ಆ ಕಾಲು ಭಾಗ ಎಲ್ಲಿ ಕಡಿಮೆಯಾಗುತ್ತದೆ ಅಂತ ಯೋಚಿಸಿ. ಮೇಲೆ ಹೇಳಿದ ಏಳು ಲಾರಿ ನೆನಪಿರಲಿ. ಸದಸ್ಯರಾಗಿದ್ದುಕೊಂಡು ಗುತ್ತಿಗೆಯಲ್ಲಿ ನೇರವಾಗಿಯೋ ಬೇರೆಯವರ ಹೆಸರಲ್ಲೋ ಪಾಲು ಇಟ್ಟುಕೊಂಡರೆ ಸದಸ್ಯತ್ವಕ್ಕೇ ಕುತ್ತು, ಕಾನೂನು ಅಷ್ಟು ಸ್ಪಷ್ಟವಾಗಿದೆ. ಪಾಲನೆ ಎಷ್ಟಿದೆ ಅನ್ನುವುದು ನಿಮ್ಮ ನಿಮ್ಮ ಊರಿಗೆ ಗೊತ್ತು.

ಇಷ್ಟೂ ಹೊತ್ತು ಹೊಸ ಕಾಮಗಾರಿಯದೇ ಮಾತಾಯಿತು. ಜನರಿಗೆ ದಿನಾ ಬೇಕಾದ್ದು ರಾಜಸ್ವ ಖಾತೆಯಲ್ಲಿದೆ, ಅಲ್ಲಿ ಶಂಕುಸ್ಥಾಪನೆ ಇಲ್ಲದ ಕಾರಣ ಸದಸ್ಯರ ಗಮನವೂ ಕಡಿಮೆ. ನಮ್ಮ ಆ 5,000 ಜನರ ವಾರ್ಡನ್ನೇ ಮತ್ತೆ ತೆಗೆದುಕೊಳ್ಳಿ. 700 ಜನರಿಗೆ ಒಬ್ಬ ಪೌರಕಾರ್ಮಿಕರು ಅನ್ನುವುದು ರಾಜ್ಯದ ಅಳತೆ, ಅಂದರೆ ಏಳು ಜನ ಬೇಕು. ಹಾಜರಿ ಪುಸ್ತಕದಲ್ಲಿ ಏಳು ಹೆಸರು ಇರುತ್ತದೆ. ಒಬ್ಬರು ಕಚೇರಿಯಲ್ಲಿ ಫೈಲು ಸಾಗಿಸುತ್ತಾರೆ, ಇನ್ನೊಬ್ಬರು ಯಾವುದೋ ವಾಹನದ ಮೇಲೆ. ಬೀದಿಯಲ್ಲಿ ಐದು ಜನ ಏಳು ಜನರ ಕೆಲಸ ಮಾಡುತ್ತಾರೆ, ಬೈಗುಳವೂ ಅವರಿಗೇ. ಬೆಳಿಗ್ಗೆ ಆರೂವರೆಗೆ ಹಾಜರಿ ಹಾಕುವ ಜಾಗಕ್ಕೆ ತಿಂಗಳಲ್ಲಿ ಒಂದು ದಿನ ಹೋಗಿ ನಿಂತರೆ ಇದು ತಿಳಿಯುತ್ತದೆ. ಜೊತೆಗೆ ಕೈಗವಸು, ಬೂಟು, ತಿಂಡಿ ಅವರಿಗೆ ತಲುಪಿದೆಯೇ ಅಂತಲೂ.

ನೀರು: ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆಯಲ್ಲಿ 6 ಲಕ್ಷ 75 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 135 ಟ್ಯಾಂಕರ್. ಟ್ಯಾಂಕರ್ ನಂಬಿಕೊಂಡು ವಾರ್ಡ್ ನಡೆಸಲು ಆಗುವುದಿಲ್ಲ ಅನ್ನುವುದಕ್ಕೆ ಬೇರೆ ವಾದ ಬೇಡ. ಟ್ಯಾಂಕಿಗೆ ನೀರು ಬರುತ್ತಿದ್ದೂ ತುದಿ ಮನೆಗೆ ಏರುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ವಾಲ್ವ್ ಬಿಡುವ ವೇಳಾಪಟ್ಟಿ, ನಡುವೆ ಪೈಪಿಗೆ ನೇರವಾಗಿ ಕೂರಿಸಿದ ಮೋಟರ್‌ಗಳು. ಹೊಸ ಬೋರ್‌ವೆಲ್ ಆಮೇಲೆ.

ಬೀದಿದೀಪದ ಲೆಕ್ಕ ಸುಲಭ. 40 ವ್ಯಾಟಿನ 150 ದೀಪ ಅಂದರೆ 6 ಕಿಲೋವ್ಯಾಟ್. ರಾತ್ರಿ ಹನ್ನೊಂದು ಗಂಟೆ ಉರಿದರೆ ದಿನಕ್ಕೆ 66 ಯೂನಿಟ್, ತಿಂಗಳಿಗೆ 1,980. ಟೈಮರ್ ಕೆಟ್ಟು ಹಗಲೂ ಉರಿದರೆ 4,320. ಕಟ್ಟುವವರು ನಾವೇ. ವಾರ್ಡಿನ ಸ್ವಿಚ್ಚಿಂಗ್ ಪಾಯಿಂಟ್‌ಗಳ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಪಟ್ಟಿ ಇಟ್ಟುಕೊಂಡು ಬಿಲ್ಲಿನ ಯೂನಿಟ್ಟನ್ನು ಈ ಲೆಕ್ಕದ ಜೊತೆ ಹೊಂದಿಸಿ ನೋಡಿ. ಎಲ್ಲಿ ದುಪ್ಪಟ್ಟಿದೆಯೋ ಅಲ್ಲಿ ಟೈಮರ್ ಕೆಟ್ಟಿರಬಹುದು, ಅಥವಾ ಮೀಟರ್, ಅಥವಾ ಯಾರೋ ಅಂಗಡಿಯವರು ತಂತಿ ಎಳೆದುಕೊಂಡಿರಬಹುದು.

ಬೆಂಗಳೂರಿನಿಂದ ಬಂದವರೂ ಇಲ್ಲಿದ್ದೀರಿ, ನಿಮ್ಮ ಪ್ರಶ್ನೆ ಬೇರೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ಐದು ವರ್ಷ ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಬಜೆಟ್ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಕೇಳುವ ಸದಸ್ಯರಿಲ್ಲದ ಊರಿನಲ್ಲಿ ಡಿಸಿಬಿ, ಕ್ರಿಯಾ ಯೋಜನೆಗಳನ್ನು ಮಾಹಿತಿ ಹಕ್ಕಿನಡಿ ತೆಗೆದುಕೊಂಡು ಓದುವ ಕೆಲಸ ಬಡಾವಣೆ ಸಂಘಗಳ ಮೇಲೆ ಬೀಳುತ್ತದೆ. ಪಾಲಿಕೆಗಳಿಗೆ ವಾರ್ಡ್ ಸಮಿತಿ ಎಂಬ ವ್ಯವಸ್ಥೆ ಇದೆ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಅದನ್ನು ಹೇಳಿದೆ. ಸಮಿತಿಯ ನಡವಳಿ ಬರೆದಿಟ್ಟ ವಾರ್ಡ್‌ಗಳಲ್ಲಿ ಮುಂದೆ ಬರುವ ಸದಸ್ಯರಿಗೆ ಪಟ್ಟಿ ಸಿದ್ಧವಾಗಿ ಸಿಗುತ್ತದೆ.

ಕೊನೆಗೆ ಬಿಲ್ಲು. ಕಾಮಗಾರಿ ಮುಗಿದ ಮೇಲೆ ಜೆಇ ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ, ಬರೆದದ್ದಕ್ಕೆ ಮಾತ್ರ ಹಣ. ಎಂಬಿಯಲ್ಲಿ ಬರೆದ ಉದ್ದ, ಅಗಲ, ದಪ್ಪ ಬೀದಿಯಲ್ಲಿರುವುದಕ್ಕೆ ಹೊಂದುತ್ತದೆಯೇ ಅಂತ ನೋಡುವ ಸಮಯ ಅದೊಂದೇ. ಹಾಕುವಾಗಲೇ ಅಚ್ಚಿನಲ್ಲಿ ತೆಗೆದಿಟ್ಟ ಕಾಂಕ್ರೀಟಿನ ಘನಗಳನ್ನು 7ನೇ ದಿನ, 28ನೇ ದಿನ ಪರೀಕ್ಷೆ ಮಾಡಿದ ವರದಿ ಫೈಲಿನಲ್ಲಿ ಇರಬೇಕು. 28 ದಿನ ಆಗುವ ಮೊದಲೇ ಅಂತಿಮ ಬಿಲ್ ಪಾಸಾಗಿದ್ದರೆ ವರದಿ ಎಲ್ಲಿಂದ ಬಂತು ಎಂದು ಕೇಳಿ. ಗುತ್ತಿಗೆದಾರರ ಭದ್ರತಾ ಠೇವಣಿ ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಲಸ ಕೆಟ್ಟರೆ ಅವರೇ ಸರಿಮಾಡಿಕೊಡಬೇಕಾದ ಅವಧಿ, ಮುಗಿಯುವವರೆಗೂ ನಗರಸಭೆಯ ಹತ್ತಿರವೇ ಇರುತ್ತದೆ. ಆ ತಾರೀಕು ಒಪ್ಪಂದ ಪತ್ರದಲ್ಲಿದೆ, ನಾಮಫಲಕದಲ್ಲೂ ಬರೆಸಬಹುದು. ಅದಕ್ಕೆ ಎರಡು ತಿಂಗಳು ಮುಂಚೆ, ಆದರೆ ಒಂದು ಮಳೆಗಾಲ ಕಳೆದ ಮೇಲೆ, ಬೀದಿಯವರನ್ನು ಕರೆದುಕೊಂಡು ಹೋಗಿ ಬಿರುಕು, ಕುಸಿತ, ಮುರಿದ ಚಪ್ಪಡಿ ಎಲ್ಲವನ್ನೂ ಫೋಟೋ ಸಮೇತ ಪೌರಾಯುಕ್ತರಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಠೇವಣಿ ವಾಪಸ್ ಹೋದ ಮೇಲೆ ಅದೇ ಬಿರುಕಿಗೆ ಮುಂದಿನ ಬಜೆಟ್‌ನಲ್ಲಿ ಹೊಸದಾಗಿ ಒಂದು ಸಾಲು ಹಾಕಿಸಬೇಕಾಗುತ್ತದೆ.